ಸ್ಲೋಪರ್‌ಗಿಂತ ದೊಡ್ಡ ಕಿಲಾಡಿಗಳು

ಬಾಡಿಗೆ ಕೇಳೋಕೆ ಮನೆ ಮಾಲೀಕ ಬಂದ ಅಂದ್ರೆ ಸಾಕು, ಆಲಿ ಸ್ಲೋಪರ್ ಓಣಿಯಲ್ಲಿ ನಾಪತ್ತೆ! ಅವನ ಹೆಸರು ಹುಟ್ಟಿದ್ದೇ ಹಾಗೆ. ಇಂಗ್ಲಿಷಿನಲ್ಲಿ 'ಆಲಿ' ಅಂದ್ರೆ ಓಣಿ. 'ಸ್ಲೋಪ್' ಅಂದ್ರೆ ಆಗಿನ ಆಡುಮಾತಿನಲ್ಲಿ ಮೆಲ್ಲಗೆ ಜಾರಿಕೊಳ್ಳೋದು. ಬೋಳುತಲೆ, ಊದಿದ ಮೂಗು, ಜಜ್ಜಿಹೋದ ಟೋಪಿ. ದುಡಿಯದೆ ದುಡ್ಡು ಮಾಡೋ ಪ್ಲಾನ್ ಸದಾ ರೆಡಿ. ಅದು ಕೊನೆಗೆ ಅವನ ತಲೆ ಮೇಲೇ ಬೀಳೋದೂ ಗ್ಯಾರಂಟಿ.

1867ರಲ್ಲಿ ಲಂಡನ್ನಿನ 'ಜೂಡಿ' ಹಾಸ್ಯಪತ್ರಿಕೆಯಲ್ಲಿ ಹುಟ್ಟಿದ ಈತ, ಕಾಮಿಕ್ಸ್ ಲೋಕದ ಮೊಟ್ಟಮೊದಲ ಖಾಯಂ ಪಾತ್ರಗಳಲ್ಲಿ ಒಬ್ಬ. 1884ರಲ್ಲಿ ಅವನ ಹೆಸರಿನದೇ ವಾರಪತ್ರಿಕೆ ಬಂತು: 'ಆಲಿ ಸ್ಲೋಪರ್ಸ್ ಹಾಫ್ ಹಾಲಿಡೇ'. ಬೆಲೆ 1 ಪೆನ್ನಿ. ಶನಿವಾರ ಅರ್ಧ ದಿನ ರಜೆ ಸಿಗುತ್ತಿದ್ದ ದುಡಿಯುವ ಜನ ಮುಗಿಬಿದ್ದು ಕೊಂಡರು.

ಇವನನ್ನು ಸೃಷ್ಟಿಸಿದ್ದು ಯಾರು? ಚಾರ್ಲ್ಸ್ ರಾಸ್ ಅನ್ನೋದು ಸಿದ್ಧ ಉತ್ತರ. ಅದು ಅರ್ಧ ಮಾತ್ರ ಸರಿ. ಶುರು ಮಾಡಿದ್ದು ರಾಸ್, ನಿಜ. ಆದರೆ ಬೇಗನೆ ಚಿತ್ರದ ಕೆಲಸ ಅವರ ಬಾಳಸಂಗಾತಿ ಎಮಿಲಿ ಡಿ ಟೆಸಿಯರ್ ಕೈಗೆ ಬಂತು. 'ಮರೀ ಡುವಾಲ್' ಹೆಸರಿನಲ್ಲಿ ಬರೆಯುತ್ತಿದ್ದ ಆಕೆ ರಂಗನಟಿಯೂ ಹೌದು. ಬೀಳೋದು, ಏಳೋದು, ಕೈಕಾಲು ಬಡಿಯೋದು ಎಲ್ಲವನ್ನೂ ನಾಲ್ಕೇ ಗೀಟಿನಲ್ಲಿ ತರುತ್ತಿದ್ದರು. ಆದರೂ ದಶಕಗಟ್ಟಲೆ ಹೆಚ್ಚಿನ ಕೀರ್ತಿ ರಾಸ್ ಖಾತೆಗೇ ಜಮಾ ಆಯ್ತು. 1884ರ ವಾರಪತ್ರಿಕೆಯಲ್ಲಿ ಸ್ಲೋಪರ್‌ನನ್ನು ಜನಪ್ರಿಯಗೊಳಿಸಿದ್ದು ಬ್ಯಾಕ್ಸ್‌ಟರ್ ಎಂಬ ಇನ್ನೊಬ್ಬ ಕಲಾವಿದ. ಡುವಾಲ್ ಹೆಸರು ಮಸುಕಾಯ್ತು. ಆಕೆಯ ಕೆಲಸವನ್ನು ಸಂಶೋಧಕರು ಹುಡುಕಿ ಒಟ್ಟುಮಾಡಿದ್ದು ಇತ್ತೀಚೆಗೆ.

ನಮ್ಮ ಅಭಿಪ್ರಾಯ ಏನಪ್ಪಾ ಅಂದ್ರೆ, ಸ್ಲೋಪರ್ ಪಾಪದ ಕಳ್ಳ. ಪ್ರತಿ ಸಲ ಸಿಕ್ಕಿಬೀಳ್ತಾನೆ, ಅದಕ್ಕೇ ನಾವು ನಗ್ತೀವಿ. ಇನ್ನೊಬ್ಬರ ಕೆಲಸದ ಮೇಲಿನ ಹೆಸರು ಅಳಿಸಿಹೋಗೋದು ಹಾಗಲ್ಲ. ಅದರಲ್ಲಿ ಓಡೋರೂ ಇಲ್ಲ, ಅಟ್ಟಿಸಿಕೊಂಡು ಬರೋರೂ ಇಲ್ಲ. ಎಲ್ಲರೂ ಸುಮ್ಮನಿದ್ದರೆ ಸಾಕು.

ನಮ್ಮ ಗ್ರೂಪ್ ಪ್ರಾಜೆಕ್ಟುಗಳಲ್ಲೂ ಇದೇ ಕಥೆ ಅಲ್ವಾ? ರಾತ್ರಿಯಿಡೀ ಕೂತು ಕೋಡ್ ಬರೆದೋರು ಒಬ್ಬರು, ವೈವಾದಲ್ಲಿ "ನನ್ನ ಐಡಿಯಾ ಸರ್" ಅನ್ನೋರು ಇನ್ನೊಬ್ಬರು. ಈ ಸೆಮಿಸ್ಟರ್ ರಿಪೋರ್ಟಿನಲ್ಲಿ ಒಂದು ಪುಟ ಸೇರಿಸೋಣ: ಯಾರು ಏನು ಮಾಡಿದರು ಅಂತ. ಹತ್ತು ನಿಮಿಷದ ಕೆಲಸ. ಹೆಸರು ಸಿಗೋಕೆ ನೂರು ವರ್ಷ ಕಾಯೋ ಪಾಡು ನಮ್ಮ ಗೆಳೆಯರಿಗೆ ಬೇಡ.