ಭೂಪಟದ ಪಟ್ಟಿಯಲ್ಲಿ ಕನ್ನಡ

ಜಾಲತಾಣದ ಭೂಪಟದ ಮೇಲ್ಗಡೆ ಜಿಲ್ಲೆಗಳ ಪಟ್ಟಿಯೊಂದು ಇಳಿಬಿದ್ದಿರುವುದನ್ನು ಸಹಪಾಠಿಗಳೆಲ್ಲರೂ ಬಲ್ಲರು. ಹೆಸರನ್ನು ಆರಿಸಿದೊಡನೆ ‘ಚೇಂಜ್’ ಎಂಬ ಸೂಚನೆ ಹೊರಡುತ್ತದೆ. ಅದಕ್ಕೆ ಕಿವಿಗೊಟ್ಟಿರುವ ಜಾವಾಸ್ಕ್ರಿಪ್ಟ್ ಹಳೆಯ ಪದರವನ್ನು ತೆಗೆದು, ಹೊಸ ಜಿಲ್ಲೆಯ ಗಡಿಗೆ ಭೂಪಟವನ್ನು ಹೊಂದಿಸುತ್ತದೆ. ಪುಟವನ್ನೆಲ್ಲ ಮತ್ತೆ ತರಿಸಬೇಕಾಗಿಲ್ಲ. 2011ರಲ್ಲಿ ಬಂದ ಲೀಫ್ಲೆಟ್‌ನಂಥ ಸಾಧನವಿದ್ದರೆ ಕೆಲವೇ ಸಾಲುಗಳ ಕೆಲಸ.

ಆದರೆ ಪಟ್ಟಿಯ ಪ್ರತಿ ಹೆಸರಿಗೂ ಎರಡು ಮುಖಗಳುಂಟು: ಓದುಗನಿಗೆ ಕಾಣುವುದೊಂದು, ಯಂತ್ರಕ್ಕೆ ಸಲ್ಲುವ ಸಂಕೇತವೊಂದು. ಹೀಗಿರುವಾಗ ಕಾಣುವ ಹೆಸರನ್ನೂ ಇಂಗ್ಲಿಷಿನಲ್ಲಿಯೇ ಇಡುವುದೇಕೆ? ಕನ್ನಡದಲ್ಲಿ ಬರೆದರೆ ಯಂತ್ರವೇನೂ ಮುನಿಯದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮಳೆಯ ಭೂಪಟ ನೋಡಬೇಕಾದರೆ ತಂದೆಯವರು ನನಗಾಗಿ ಕಾಯುತ್ತಾರೆ. ಕನ್ನಡವನ್ನಾದರೋ ಅವರು ನನಗಿಂತ ಚೆನ್ನಾಗಿ ಓದಬಲ್ಲರು. ಇನ್ನು, 2021ರಲ್ಲಿ ವಿಜಯನಗರ ಸೇರಿ ನಮ್ಮ ಜಿಲ್ಲೆಗಳು 31 ಆದುವು. 30ಕ್ಕೇ ನಿಂತ ಪಟ್ಟಿಯಲ್ಲಿ ಹೊಸಪೇಟೆಯ ರೈತನು ತನ್ನ ಜಿಲ್ಲೆಯನ್ನು ಎಲ್ಲಿ ಹುಡುಕಬೇಕು?