ದವಾಖಾನೆಯ ಹೊಸ್ತಿಲಿನಾಚೆ

ಮುಳವಾಡದ ಹೆಸರನ್ನು ಇಂದು ನಾಡಿನ ಜನ ಕೇಳುವುದು ಹೆಚ್ಚಾಗಿ ನೀರಿನ ಸಂದರ್ಭದಲ್ಲಿ. ಆಲಮಟ್ಟಿಯ ಜಲಾಶಯದಿಂದ ಕೃಷ್ಣೆಯ ನೀರನ್ನು ಎತ್ತರದ ಭೂಮಿಗೆ ಎತ್ತಿ ಹರಿಸುವ ಏತ ನೀರಾವರಿ ಯೋಜನೆಗೆ ಆ ಊರಿನ ಹೆಸರೇ ನಿಂತಿದೆ. ತಗ್ಗಿನಲ್ಲಿ ಹೊಳೆ ತುಂಬಿ ಹರಿದರೂ ದಿಬ್ಬದ ಹೊಲ ಒಣಗಿಯೇ ಇರುತ್ತದೆಂಬುದನ್ನು ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಯ ಒಕ್ಕಲಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆರೋಗ್ಯ ಸೇವೆಯ ಸಂಗತಿಯೂ ಇದಕ್ಕಿಂತ ಭಿನ್ನವಲ್ಲ. ಊರಿನಲ್ಲಿ ದವಾಖಾನೆ ಇದ್ದ ಮಾತ್ರಕ್ಕೆ ಅದರ ಉಪಕಾರವು ದುರ್ಬಲನ ಗುಡಿಸಲನ್ನು ತಾನಾಗಿ ಹೋಗಿ ಮುಟ್ಟಲಾರದು. ಅದನ್ನು ಯಾರಾದರೂ ಎತ್ತಿ ಒಯ್ಯಬೇಕಾಗುತ್ತದೆ. ಹಾಗೆ ಎತ್ತಿ ಒಯ್ಯುವವರ ಕುರಿತು ಈ ತಿಂಗಳು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವ ಇಚ್ಛೆ.

ಮೊದಲು ವ್ಯವಸ್ಥೆಯ ಪರಿಚಯ ಸಂಕ್ಷೇಪವಾಗಿ ಆಗಲಿ. ಚಿಕಿತ್ಸೆಯ ವೆಚ್ಚ ಭರಿಸಲಾರದ ಕಾರಣಕ್ಕೆ ಯಾವೊಬ್ಬ ಪ್ರಜೆಯೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬ ತತ್ತ್ವವನ್ನು 1946ರಷ್ಟು ಹಿಂದೆಯೇ ಸರ್ ಜೋಸೆಫ್ ಭೋರ್ ಅವರ ಸಮಿತಿ ತನ್ನ ವರದಿಯಲ್ಲಿ ಮುಂದಿಟ್ಟಿತು. 1952ರಿಂದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಳಲ್ಲಿ ತಲೆಯೆತ್ತಿದವು. ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000ಕ್ಕೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ಸರಕಾರದ ಅಳತೆಗೋಲು. ಸಮುದಾಯ ಕೇಂದ್ರದಲ್ಲಿ ಶಸ್ತ್ರವೈದ್ಯರು, ಸಾಮಾನ್ಯ ರೋಗಗಳ ತಜ್ಞರು, ಹೆರಿಗೆ ತಜ್ಞರು, ಮಕ್ಕಳ ತಜ್ಞರು ಎಂಬ ನಾಲ್ವರು ಇರತಕ್ಕದ್ದು. ಕಾಗದದ ಮೇಲೆ ಈ ಏರ್ಪಾಡು ಸೊಗಸಾಗಿದೆ. ವಾಸ್ತವದಲ್ಲಿ 2022ರ ಮಾರ್ಚ್ ಅಂತ್ಯಕ್ಕೆ ದೇಶದ ಗ್ರಾಮೀಣ ಸಮುದಾಯ ಕೇಂದ್ರಗಳಿಗೆ ಬೇಕಾದ ತಜ್ಞ ವೈದ್ಯರಲ್ಲಿ 100ಕ್ಕೆ ಸುಮಾರು 80ರಷ್ಟು ಕೊರತೆಯಿತ್ತೆಂದು ಕೇಂದ್ರ ಸರಕಾರದ ಅಂಕಿ ಅಂಶಗಳೇ ಹೇಳುತ್ತವೆ. ಕಟ್ಟಡವಿದ್ದು ವೈದ್ಯರಿಲ್ಲದಿರುವುದು ಎಣ್ಣೆಯಿಲ್ಲದ ಹಣತೆಯನ್ನು ಜಗುಲಿಯ ಮೇಲಿಟ್ಟಂತೆ.

ಹಾಗಾದರೆ ದುರ್ಬಲರೆಂದರೆ ಯಾರು? ಭಾಷಣಗಳಲ್ಲಿ ಈ ಪದ ಎಷ್ಟು ಸವೆದಿದೆಯೆಂದರೆ ಅದರ ಹಿಂದೆ ಮನುಷ್ಯರಿದ್ದಾರೆಂಬುದೇ ಮರೆತುಹೋಗುವಂತಾಗಿದೆ. ನಮ್ಮ ಸೀಮೆಯಲ್ಲಿ ಅವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಕ್ಕಳು ದುಡಿಮೆಗೆಂದು ಪುಣೆ, ಗೋವೆ, ಮುಂಬಯಿಗಳಿಗೆ ಹೋದ ಮೇಲೆ ಮನೆ ಕಾಯುತ್ತ ಉಳಿದ ಮುದುಕ ಮುದುಕಿಯರು. ರಸ್ತೆಯಿಂದ ಒಳಗಿರುವ ತಾಂಡೆಯ ಬಾಣಂತಿ. ಜಲಾಶಯದ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರದ ಅಪರಿಚಿತ ಓಣಿಯಲ್ಲಿ ಮತ್ತೆ ಬದುಕು ಹೂಡಿದ ಕುಟುಂಬ. ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡು, 1982ರ ದೇವದಾಸಿ ನಿಷೇಧ ಕಾಯಿದೆಯ ನಂತರವೂ ಸಮಾಜದ ಓರೆಗಣ್ಣಿನಿಂದ ಬಿಡುಗಡೆ ಕಾಣದ ತಾಯಿ. ಕ್ಷಯದ ಕೆಮ್ಮನ್ನು ಸೆರಗಿನಲ್ಲಿ ಅಡಗಿಸಿಕೊಂಡು ಕಳೆ ತೆಗೆಯಲು ಹೋಗುವ ಕೂಲಿ ಹೆಣ್ಣುಮಗಳು. ಇವರೆಲ್ಲರಿಗೂ ಸಮಾನವಾದ ಒಂದು ಲಕ್ಷಣವುಂಟು. ದವಾಖಾನೆಗೆ ಒಂದು ದಿನ ಹೋದರೆ ಇವರಿಗೆ ಆ ದಿನದ ಕೂಲಿ ಹೋಗುತ್ತದೆ, ಇಲ್ಲವೇ ಜೊತೆಗೆ ಬರುವವರಿರುವುದಿಲ್ಲ, ಇಲ್ಲವೇ ಅಲ್ಲಿ ಕೇಳಬಹುದಾದ ಪ್ರಶ್ನೆಗೆ ಅಂಜಿಕೆ. ಔಷಧ ಪುಕ್ಕಟೆಯಾದರೂ ದಾರಿ ಪುಕ್ಕಟೆಯಲ್ಲ.

ಆದುದರಿಂದಲೇ ಕೇಂದ್ರವು ಎದ್ದು ನಡೆಯಬೇಕು. ಹಾಗೆ ನಡೆದಾಗ ಏನಾಗುತ್ತದೆಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಐವತ್ತು ದಾಟಿದ ಓದುಗರಿಗೆ ನಾರುಹುಣ್ಣಿನ ನೆನಪು ಇರಲೇಬೇಕು. ನಾನು ಮಠದ ಪಾಠಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಹಿಮ್ಮಡಿಯಿಂದ ಹೊರಬರುತ್ತಿದ್ದ ಬಿಳಿಯ ದಾರದಂತಹ ಹುಳುವನ್ನು ಕಡ್ಡಿಗೆ ಸುತ್ತಿಕೊಂಡು, ದಿನಕ್ಕೆ ಬೆರಳಗಲದಷ್ಟು ಎಳೆಯುತ್ತ, ಜಗುಲಿಯ ಮೇಲೆ ತಿಂಗಳೊಪ್ಪತ್ತು ಕಾಲು ಚಾಚಿ ಕುಳಿತಿರುತ್ತಿದ್ದ ರೈತರನ್ನು ಕಂಡಿದ್ದೇನೆ. ಅವಸರದಿಂದ ಎಳೆದರೆ ಹುಳು ತುಂಡಾಗಿ ಕಾಲು ಕೀವುಗಟ್ಟುತ್ತಿತ್ತು. ಬಿತ್ತುವ ಕಾಲಕ್ಕೆ ಇದು ಬಂದರೆ ಆ ವರ್ಷದ ಜೋಳ ಮನೆಗೆ ಬಂದಂತೆಯೇ ಎಂದು ಹಿರಿಯರು ಕಹಿಯಾಗಿ ನಗುತ್ತಿದ್ದರು.

ಈ ರೋಗದ ಬೇರು ಪಾವಟಿಗೆ ಬಾವಿಯಲ್ಲಿತ್ತು. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಚಿಗಟವೊಂದರ ಒಡಲಲ್ಲಿ ಹುಳುವಿನ ಮರಿ ಅಡಗಿರುತ್ತದೆ. ಸೋಸದ ನೀರಿನೊಡನೆ ಅದು ಹೊಟ್ಟೆ ಸೇರಿ, ಸುಮಾರು ಒಂದು ವರ್ಷದ ನಂತರ ಮೊಳಕ್ಕೂ ಮಿಗಿಲಾಗಿ ಬೆಳೆದ ಹೆಣ್ಣು ಹುಳುವಾಗಿ ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ಬಾವಿಯ ಮೆಟ್ಟಿಲಿಳಿದು ತಣ್ಣೀರಿನಲ್ಲಿ ಕಾಲಿಟ್ಟೊಡನೆ ಹುಳು ತನ್ನ ಮರಿಗಳನ್ನು ಆ ನೀರಿಗೇ ಬಿಡುತ್ತದೆ. ಹೀಗೆ ಒಬ್ಬನ ಕಾಲಿನಿಂದ ಊರಿನ ಒಡಲಿಗೆ ರೋಗ ಹಬ್ಬುತ್ತಿತ್ತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. 1983-84ರಲ್ಲಿ ದೇಶದಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ರೋಗಪೀಡಿತ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆಗ ಆರೋಗ್ಯ ಕೇಂದ್ರದ ಸಿಬ್ಬಂದಿ ಮಾಡಿದ ಕೆಲಸವಾದರೂ ಏನು? ರೋಗಿ ಬರಲೆಂದು ಕಾಯದೆ ಮನೆಮನೆಗೆ ಹೋಗಿ ನಾರು ಎದ್ದವರನ್ನು ಹುಡುಕಿದರು. ಅಂಥವರು ಬಾವಿಗೆ ಇಳಿಯದಂತೆ ತಿಳಿಹೇಳಿದರು. ಬಾವಿಯ ನೀರಿಗೆ ಚಿಗಟ ಸಾಯುವ ಮದ್ದು ಹಾಕಿದರು. ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿಕೊಳ್ಳಲು ಹೆಣ್ಣುಮಕ್ಕಳಿಗೆ ಕಲಿಸಿದರು. ಇತ್ತ ಮೆಟ್ಟಿಲ ಬಾವಿಗಳು ಸೇದುವ ಬಾವಿಗಳಾದವು, ಕೈಪಂಪುಗಳು ಬಂದವು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಘೋಷಿಸಿತು. ದೊಡ್ಡ ಆಸ್ಪತ್ರೆಗಳ ಯಂತ್ರಗಳಿಂದ ಆಗದ ಈ ಕಾರ್ಯ ಸೋಸುವ ಅರಿವೆಯಿಂದಲೂ ಕಾಲ್ನಡಿಗೆಯಿಂದಲೂ ಆಯಿತು. ಆ ಕಾರ್ಯಕರ್ತರ ಹೆಸರನ್ನು ಯಾವ ಊರಿನ ಕಲ್ಲಿನ ಮೇಲೂ ನಾನು ಕಂಡಿಲ್ಲ.

ನಾಡಿನ ದಕ್ಷಿಣದ ಅಂಚಿನ ಇನ್ನೊಂದು ನಿದರ್ಶನವೂ ಇದೇ ಮಾತನ್ನು ಹೇಳುತ್ತದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ವೈದ್ಯರನ್ನು ಕಂಡರೆ ಅಂಜುತ್ತಿದ್ದ ಕಾಡಿನ ಜನರ ವಿಶ್ವಾಸ ಗಳಿಸಲು ಅವರು ಪೋಡಿನಿಂದ ಪೋಡಿಗೆ ನಡೆಯಬೇಕಾಯಿತು. ಮುಂದೆ ಯಳಂದೂರು ತಾಲ್ಲೂಕಿನ ಕುಷ್ಠರೋಗಿಗಳ ಸೇವೆಯನ್ನು ಮುಂದಿಟ್ಟುಕೊಂಡು 1986ರಲ್ಲಿ ಕರುಣಾ ಟ್ರಸ್ಟ್ ಆರಂಭವಾಯಿತು. 1996ರಲ್ಲಿ ಗುಂಬಳ್ಳಿಯ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೇ ಸರಕಾರ ಆ ಟ್ರಸ್ಟಿಗೆ ಒಪ್ಪಿಸಿತು. ಸರಕಾರದ ಹೊಣೆಯನ್ನು ಸಂಸ್ಥೆಗಳಿಗೆ ವಹಿಸುವುದು ಎಲ್ಲೆಡೆಯೂ ಉಚಿತವೆಂದು ನಾನು ಹೇಳಲಾರೆ. ಎಲ್ಲ ಸಂಸ್ಥೆಗಳಿಗೂ ಸುದರ್ಶನರು ಸಿಗುವುದಿಲ್ಲ. ಆದರೆ ವೈದ್ಯನು ರೋಗಿಯ ನೆಲೆಗೆ ಮೊದಲು ಹೋಗಬೇಕು, ರೋಗಿ ವೈದ್ಯನ ನೆಲೆಗೆ ಆಮೇಲೆ ಬರುತ್ತಾನೆಂಬ ಅವರ ಕ್ರಮ ಮಾತ್ರ ಅನುಕರಣೀಯ.

ನಮ್ಮ ಹಳ್ಳಿಗಳಲ್ಲಿ ಇಂದು ಈ ನಡಿಗೆಯ ಭಾರವೆಲ್ಲ ಇಬ್ಬರು ಹೆಣ್ಣುಮಕ್ಕಳ ಮೇಲಿದೆ. ಒಬ್ಬಳು ಉಪಕೇಂದ್ರದ ಆರೋಗ್ಯ ಸಹಾಯಕಿ. ಜನ ಇವಳನ್ನು ನರ್ಸಬಾಯಿ ಎನ್ನುತ್ತಾರೆ. ಇನ್ನೊಬ್ಬಳು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆ. ಸುಮಾರು 1,000 ಜನರಿಗೆ ಒಬ್ಬಳಂತೆ ಊರಿನ ಸೊಸೆಯೇ ಆಗಿರುವ ಈಕೆಗೆ ಸಂಬಳವೆಂಬುದಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. ಬಸುರಿಯ ಹೆಸರು ಬರೆಸುವುದು, ಕಬ್ಬಿಣಾಂಶದ ಗುಳಿಗೆ ನುಂಗಿದಳೋ ಇಲ್ಲವೋ ಎಂದು ವಿಚಾರಿಸುವುದು, ಅಪರಾತ್ರಿಯಲ್ಲಿ ಬೇನೆ ಬಂದರೆ 108ಕ್ಕೆ ಕರೆ ಮಾಡಿ ಜೊತೆಗೆ ಹೊರಡುವುದು, ಕ್ಷಯರೋಗಿ ಆರು ತಿಂಗಳು ಔಷಧ ಬಿಡದಂತೆ ಕಾಯುವುದು, ಎಲ್ಲವೂ ಇವರ ಪಾಲಿನವು. 108ರ ವಾಹನ ನಮ್ಮ ರಾಜ್ಯದಲ್ಲಿ ಓಡತೊಡಗಿದ್ದು 2008ರ ನವೆಂಬರಿನಲ್ಲಿ. ಸರಕಾರಿ ಕೇಂದ್ರದಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ಊಟ, ಮರಳಿ ಮನೆಗೆ ಬಿಡುವ ವಾಹನ ಎಲ್ಲವೂ ಉಚಿತವೆಂಬ ನಿಯಮ 2011ರಿಂದ ಬಂದಿದೆ. ಇದರ ಫಲವನ್ನು ಒಂದು ಲೆಕ್ಕದಿಂದ ಅರಿಯಬಹುದು. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಬಾಣಂತಿ ಸತ್ತ ಮನೆಯ ಕೂಸಿನ ಅಳುವನ್ನು ಕೇಳಿದವರಿಗೆ ಈ ಎರಡು ಅಂಕೆಗಳ ನಡುವಿನ ಅಂತರದ ಬೆಲೆ ತಿಳಿದೀತು. ಆದರೂ ಉಳಿದ 69 ತಾಯಂದಿರಲ್ಲಿ ಹೆಚ್ಚಿನವರು ಎಂಥ ಮನೆಗಳವರೆಂದು ಊಹಿಸುವುದು ಕಷ್ಟವಲ್ಲ.

ಇನ್ನು ನಮ್ಮ ಮನೆತನಗಳ ಕಡೆಗೆ ತಿರುಗೋಣ. ಓದುಗರು ಮುನಿಯಬಾರದು, ಇದು ಮನೆಯೊಳಗಿನ ಮಾತು.

ಕೈಯಲ್ಲಿ ನಾಲ್ಕು ಕಾಸು ಇರುವ ಕುಟುಂಬಗಳು ಊರಿನ ಸರಕಾರಿ ದವಾಖಾನೆಯನ್ನು ಬಿಟ್ಟು ಬಹುಕಾಲವಾಯಿತು. ನೆಗಡಿಗೂ ವಿಜಯಪುರದ ಖಾಸಗಿ ಆಸ್ಪತ್ರೆಯ ಮೆಟ್ಟಿಲೇರುವುದು ಪ್ರತಿಷ್ಠೆಯ ಲಕ್ಷಣವಾಗಿದೆ. ಅವರ ಹಣ, ಅವರ ಇಷ್ಟ ಎನ್ನಬಹುದು. ಆದರೆ ಊರಿನ ಗಣ್ಯರು ಕಾಲಿಡದ ದವಾಖಾನೆಯಲ್ಲಿ ಔಷಧ ತೀರಿದರೆ ಕೇಳುವವರಾರು? ವೈದ್ಯರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದರೆ ಜಿಲ್ಲಾ ಕಚೇರಿಯ ಬಾಗಿಲು ತಟ್ಟುವವರಾರು? ಕೂಲಿಕಾರ್ತಿ ತಟ್ಟಿದರೆ ತೆರೆಯುವ ಬಾಗಿಲಲ್ಲ ಅದು. ಬಲ್ಲವರು ಬಳಸಿದರೆ ಬಡವರಿಗೂ ಉಳಿಯುವ ಸಂಸ್ಥೆಗಳಲ್ಲಿ ಶಾಲೆಯ ನಂತರದ್ದೇ ದವಾಖಾನೆ. ಮಗುವಿನ ಲಸಿಕೆ, ರಕ್ತದೊತ್ತಡ ಸಕ್ಕರೆಗಳ ಪರೀಕ್ಷೆ, ಇವಿಷ್ಟಕ್ಕಾದರೂ ನಮ್ಮ ಮನೆಯವರು ಅಲ್ಲಿಗೆ ಹೋಗತೊಡಗಿದರೆ ಕೇಂದ್ರದ ಚಹರೆಯೇ ಬದಲಾಗುವುದು.

ಆರೋಗ್ಯ ರಕ್ಷಾ ಸಮಿತಿಯೆಂಬುದು ಕೇಂದ್ರಕ್ಕೆ ಇದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿಯೆಂಬುದು ಊರಿಗೆ ಇದೆ. ಊರಿನ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ಮುಕ್ತ ನಿಧಿಯನ್ನು ಅಭಿಯಾನದಲ್ಲಿ ಗೊತ್ತುಪಡಿಸಲಾಗಿತ್ತು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆಂದು ಬಲ್ಲಿರಾ? ಜಾತ್ರಾ ಸಮಿತಿಯ ಸದಸ್ಯರ ಹೆಸರುಗಳನ್ನು ಹುಡುಗರೂ ಹೇಳುತ್ತಾರೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಊರಿಗೆ ಹೊಸದಾಗಿ ಬಂದ ನರ್ಸಬಾಯಿ ಬಾಡಿಗೆಯ ಮನೆ ಕೇಳಿಕೊಂಡು ಓಣಿಗೆ ಬಂದಾಗ, ನಮ್ಮವರಲ್ಲಿ ಅನೇಕರು ಮೊದಲು ಕೇಳುವುದು ಅವಳ ಕುಲವನ್ನು. ಕುಲ ಒಪ್ಪಿಗೆಯಾಗದಿದ್ದರೆ ಮನೆ ಖಾಲಿಯಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. ಅವಳು ದಿನವೂ ಪಟ್ಟಣದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ರಾತ್ರಿ ಹೆರಿಗೆ ಬೇನೆ ಬಂದರೆ ಊರಲ್ಲಿ ನರ್ಸಬಾಯಿ ಇರುವುದಿಲ್ಲವೆಂದು ದೂರುವವರೂ ನಾವೇ. ಕೆಲವು ಮನೆಗಳಲ್ಲಿ ಕೂಸಿನ ತೂಕ ನೋಡಲು ಬಂದ ಕಾರ್ಯಕರ್ತೆಯನ್ನು ಕಟ್ಟೆಯ ಮೇಲೆಯೇ ನಿಲ್ಲಿಸುವುದನ್ನು ನಾನು ನೋಡಿದ್ದೇನೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆ ಇದು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ವೈದ್ಯವೃತ್ತಿಯೇ ಅವರ ಕಾಯಕವಾಗಿತ್ತು. ಅವರ ಕಾಯಕವನ್ನು ಇಂದು ನಮ್ಮ ಓಣಿಗಳಲ್ಲಿ ಮಾಡುತ್ತಿರುವ ಹೆಣ್ಣುಮಗಳಿಗೆ ಪಡಸಾಲೆಯಲ್ಲಿ ಚಾಪೆ ಹಾಸದ ಮನೆಯಲ್ಲಿ ನಿತ್ಯವೂ ಲಿಂಗಪೂಜೆ ನಡೆಯುತ್ತಿದೆ ಎಂಬುದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ.

ಕೊನೆಯದಾಗಿ ಕಬ್ಬಿನ ಮಾತು. ಏತ ನೀರಾವರಿಯ ನೀರು ಬಂದ ಮೇಲೆ ಜೋಳ ಬಿತ್ತುತ್ತಿದ್ದ ಎಷ್ಟೋ ಎರೆಹೊಲಗಳಲ್ಲಿ ಕಬ್ಬು ನಿಂತಿದೆ. ಹಂಗಾಮು ಆರಂಭವಾದೊಡನೆ ಕಡಿಯುವ ತಂಡಗಳು ಹೊರಗಿನಿಂದ ಬರುತ್ತವೆ. ನಮ್ಮ ತಾಂಡೆಗಳಿಂದ ಬೇರೆ ಸೀಮೆಗೆ ಹೊರಡುವವರೂ ಇದ್ದಾರೆ. ಹೊರಡುವ ಬಸುರಿಯರು ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುವಂತೆ ಆಶಾ ಕಾರ್ಯಕರ್ತೆ ನೆನಪಿಸುತ್ತಾಳೆ. ಮುಕಾದಮನೂ ಅದನ್ನು ವಿಚಾರಿಸುವಂತೆ ಊರಿನ ಹಿರಿಯರು ಹೇಳಿದರೆ ಆ ಮಾತಿಗೆ ಬಲ ಬರುತ್ತದೆ. ಇತ್ತ ಬಂದಿಳಿದವರ ಪಾಡು ಇನ್ನೂ ಕಠಿಣ. ಅವರ ಹೆಸರು ನಮ್ಮ ಊರಿನ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ, ಭಾಷೆಯೂ ಹಲವೊಮ್ಮೆ ಬೇರೆ. ನಸುಕಿನಲ್ಲಿ ಫಡಕ್ಕೆ ಇಳಿದು ಹೊತ್ತು ಮುಳುಗಿದ ಮೇಲೆ ಗುಡಿಸಲಿಗೆ ಬರುವ ಹೆಣ್ಣುಮಗಳು ಉಪಕೇಂದ್ರದ ಬಾಗಿಲು ತೆರೆದಿರುವುದನ್ನು ಕಾಣುವುದೇ ಇಲ್ಲ. ಅವಳ ಕೂಸಿಗೆ ಲಸಿಕೆ ತಪ್ಪುತ್ತದೆ, ಅವಳ ಮುಂದಿನ ಹೆರಿಗೆ ಕಬ್ಬಿನ ರವದಿಯ ಮೇಲೆ ಆಗುವ ಭಯವಿರುತ್ತದೆ. ಅವರ ಗುಡಿಸಲುಗಳಲ್ಲಿ ಎಷ್ಟು ಬಸುರಿಯರಿದ್ದಾರೆ, ಎಷ್ಟು ಕೂಸುಗಳಿವೆ ಎಂಬುದು ನರ್ಸಬಾಯಿಗೆ ತಿಳಿಯುವ ಬಗೆ ಹೇಗೆ? ಗುಡಿಸಲು ನಿಂತಿರುವುದು ನಮ್ಮ ಹೊಲದ ಬದುವಿನ ಮೇಲೆ. ತಂಡ ಬಂದಿಳಿದ ದಿನವೇ ಆ ಸುದ್ದಿಯನ್ನು ಉಪಕೇಂದ್ರಕ್ಕೆ ಮುಟ್ಟಿಸಿ, ಲಸಿಕೆಯ ದಿನ ನರ್ಸಬಾಯಿಯನ್ನು ಹೊಲದವರೆಗೆ ಕರೆತರಬೇಕಾದವರು ಆ ಹೊಲದ ಒಡೆಯರು.