ಗಿರಾಕಿಯ ಲೆಕ್ಕ, ಹುಡುಗನ ಸಂಬಳ

ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದ ಸಂಗಾತಿಗಳು ಎರಡು ಒಲೆ, ನಾಲ್ಕು ಪಾತ್ರೆ ಕೂಡಿಸಿಕೊಂಡು ಸ್ವಂತ ಖಾನಾವಳಿ ತೆರೆಯುವುದು ಬಿಬವೇವಾಡಿಯಲ್ಲಿ ಹೊಸದೇನಲ್ಲ. ಕಾಯಿಪಲ್ಲೆಗೆ ಮಾರ್ಕೆಟ್ ಯಾರ್ಡ್ ಹತ್ತಿರ. ಉಣ್ಣುವವರಿಗೆ ವಿಶ್ವಕರ್ಮ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ, ಯಾರ್ಡಿನ ಹಮಾಲರಿದ್ದಾರೆ. ನಮ್ಮವರ ಕೈಯಲ್ಲಿ ರುಚಿಯೂ ಇದೆ. ಇಲ್ಲದಿರುವುದು ಗಿರಾಕಿಗಳ ಸರಿಯಾದ ಲೆಕ್ಕ.

ಯಾರು ತಿಂಗಳಿನ ಮೆಂಬರು, ಯಾರ ಮುಂಗಡ ಎಷ್ಟು, ಊರಿಗೆ ಹೋದವನ ಖಾಡಾ ಎಷ್ಟು ದಿನ ಎಂಬುದೆಲ್ಲ ಅರ್ಧ ಮಾಲಿಕನ ತಲೆಯಲ್ಲಿ, ಅರ್ಧ ಗೋಡೆಯ ಕ್ಯಾಲೆಂಡರಿನಲ್ಲಿ. ತಿಂಗಳ ಕೊನೆಗೆ ಜಗಳ. ಗಿರಾಕಿ ಕೈಕೊಟ್ಟರೆ ಆ ನಷ್ಟ ಯಾರ ಮೇಲೆ ಬೀಳುತ್ತದೆ? ಡಬ್ಬಾ ಮುಟ್ಟಿಸಿದ ಹುಡುಗನ ಸಂಬಳದ ಮೇಲೆ! ನಿನ್ನೆಯವರೆಗೆ ತಾನೇ ಮಾಣಿಯಾಗಿದ್ದವನು ಇಂದು ಹೀಗೆ ಮಾಡುವುದನ್ನು ಸಂಘವು ಸಹಿಸಲಾರದು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರವೂ, ಕೆಲಸಗಾರನ ಸ್ವಂತ ಅಲಕ್ಷ್ಯದಿಂದಲೇ ಹಣ ಹೋಯಿತೆಂದು ತೋರದೆ, ಅವನ ಮಾತು ಕೇಳದೆ, ಸಂಬಳ ಮುರಿಯುವಂತಿಲ್ಲ. ಲೆಕ್ಕವೇ ಇಡದವನು ಏನನ್ನು ತೋರಿಸಿಯಾನು?

ಉಪಾಯ ದೊಡ್ಡದಲ್ಲ. ಹಿರಿಯರ ಕೀರ್ದಿ-ಖತಾವಣಿಯೇ ಸಾಕು. ದಿನದ ವಹಿವಾಟು ಕೀರ್ದಿಯಲ್ಲಿ. ಒಬ್ಬೊಬ್ಬ ಗಿರಾಕಿಗೆ ಖತಾವಣಿಯಲ್ಲಿ ಒಂದೊಂದು ಪುಟ. ಹೆಸರು, ಕೋಣೆ, ಫೋನು, ಸೇರಿದ ತಾರೀಖು, ಖಾಡಾ, ಜಮೆ, ಬಾಕಿ. ತಿಂಗಳಿಗೊಮ್ಮೆ ಬಾಕಿಯ ಕೆಳಗೆ ಗಿರಾಕಿಯ ರುಜು. ಈ ರುಜುವಿಗೆ ಬೆಲೆಯಿದೆ. ಹೋಟೆಲಿನ ಊಟ-ಪಾನೀಯದ ಬಾಕಿಗೆ ದಾವೆ ಹೂಡಲು 1908ರ ಕಾಲಮಿತಿ ಕಾಯಿದೆ ಒಂದೇ ವರ್ಷ ಕೊಟ್ಟಿತ್ತು. 1963ರ ಕಾಯಿದೆ ಮೂರು ವರ್ಷ ಮಾಡಿತು. ಆ ಅವಧಿಯೊಳಗೆ ಬಾಕಿ ಒಪ್ಪಿ ರುಜು ಹಾಕಿದರೆ ಅಂದಿನಿಂದ ಎಣಿಕೆ ಹೊಸದಾಗಿ ಶುರು. ಬರೇ ನಮ್ಮ ವಹಿಯೊಂದನ್ನೇ ನಂಬಿ ಕೋರ್ಟು ತೀರ್ಪು ಕೊಡುವುದಿಲ್ಲ. (ಎಂಟುನೂರು ರೂಪಾಯಿಗಾಗಿ ಶಿವಾಜಿನಗರದ ಕೋರ್ಟಿಗೆ ಅಲೆಯುವವರು ಯಾರೆಂದು ಕೇಳುವಿರಿ. ಯಾರೂ ಇಲ್ಲ, ನಿಜ. ಆದರೆ ರುಜು ಹಾಕಿದವನು ಸುಲಭವಾಗಿ ಜಗಳಕ್ಕೂ ಬರುವುದಿಲ್ಲ.)

ವಹಿಯನ್ನು ಗಲ್ಲೆಯ ಮೇಲೆ ಬಿಚ್ಚಿ ಬಿಡಬಾರದು. ಹೆಣ್ಣುಮಕ್ಕಳ ಫೋನ್ ನಂಬರು ಕಂಡಕಂಡವರ ಕೈಗೆ ಸಿಕ್ಕುವುದು ನಾಚಿಕೆಗೇಡು.

ಇನ್ನೊಂದು ಮಾತು. ಲೆಕ್ಕ ಬರೆಯುವುದೂ ದುಡಿಮೆಯೇ. ನಾಲ್ಕಕ್ಷರ ಕಲಿತ ಹುಡುಗನೊಬ್ಬ ಸಿಕ್ಕನೆಂದು, ರಾತ್ರಿ ಪಾತ್ರೆ ತೊಳೆದಾದ ಮೇಲೆ ಅವನನ್ನು ಕೂಡಿಸಿ ಪುಕ್ಕಟೆ ಬರೆಸಿಕೊಳ್ಳತಕ್ಕದ್ದಲ್ಲ. ಮಧ್ಯಾಹ್ನದ ಊಟ ಮುಗಿದೊಡನೆ, ಕೆಲಸದ ವೇಳೆಯಲ್ಲೇ, ಅದಕ್ಕೆ ಅರ್ಧ ತಾಸು ಕೊಡಬೇಕು.